ಕಲಶದ ಬಳಿ ದೊಡ್ಡಮ್ಮ ಕೇಳಿದ್ದು

ಸಂಜೆ ಬ್ಯಾಂಕಿನಿಂದ ಮರಳುವ ಹೊತ್ತಿಗೆ ದೊಡ್ಡಮ್ಮನ ಗದ್ದದ ಮೇಲೆ ತೆಳುವಾದ ನೀಲಿ ನೆರಳು ಮೂಡಿರುತ್ತಿತ್ತು. ಬೆಳಿಗ್ಗೆ ಅವರು ಕಿಟಕಿಯ ಬೆಳಕಿನಲ್ಲಿ ಕನ್ನಡಿ ನಿಲ್ಲಿಸಿಕೊಂಡು, ನೊರೆ ಹಚ್ಚಿ, ರೇಜರಿನಿಂದ ಗದ್ದ ಬೋಳಿಸಿಕೊಳ್ಳುತ್ತಿದ್ದರು. ಆಮೇಲೆ ಗಂಜಿ ಹಾಕಿದ ಹತ್ತಿ ಸೀರೆ, ದೊಡ್ಡ ಕುಂಕುಮ, ಬ್ಯಾಂಕಿರುವ ಬಿಬಿಡಿ ಬಾಗಿನ ಬಸ್ಸು. ಕೆಲಸಕ್ಕೆ ಹೊಸದಾಗಿ ಸೇರಿದವನೊಬ್ಬ ಗದ್ದವನ್ನೇ ದಿಟ್ಟಿಸಿದಾಗ, "ಏನು, ಒಂದೆರಡು ಉಳಿದಿವೆಯಾ?" ಎಂದು ಕೇಳಿ, ಅವನ ಮುಂದೆ ಫೈಲು ತೆರೆದಿಟ್ಟರಂತೆ.

ದೊಡ್ಡಮ್ಮ ನಮಗೆ ನೆಂಟರಲ್ಲ. ಲೇಕ್ ಮಾರ್ಕೆಟ್ ಬಳಿಯ ನಮ್ಮ ಕಟ್ಟಡದ ಮೇಲಿನ ಮಹಡಿಯವರು, ಉಡುಪಿ ಕಡೆಯವರು. ನಾವು ಮೈಸೂರಿನವರು.

ಆ ಪರರಾಜ್ಯದ ಊರಿನ ಕನ್ನಡಿಗರೆಲ್ಲ ನವರಾತ್ರಿಗೆ ಒಂದು ಹಾಲ್ ಬಾಡಿಗೆಗೆ ಹಿಡಿದು ಪೂಜೆ ಮಾಡುತ್ತಿದ್ದೆವು. ಮುಟ್ಟಾದವರು ಒಳಗೆ ಬರುವಂತಿರಲಿಲ್ಲ. ಹಾಗಾಗಿ ಕಲಶ ಅಲಂಕರಿಸುವ ಕೆಲಸ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ವರಮಹಾಲಕ್ಷ್ಮಿ ಇರಲಿ, ಗೌರಿ ಇರಲಿ, ನಾನು ಸಿದ್ಧ. ಆಗ ನನಗೆ ಹದಿನಾರು.

"ನಮ್ಮ ಹುಡುಗಿ ಪುಣ್ಯವಂತೆ ಕಣ್ರೀ," ಎಂದು ಆ ನವರಾತ್ರಿ ಹಾಲ್‌ನಲ್ಲಿ ಅಮ್ಮ ಹೂ ಕಟ್ಟುತ್ತ ಎಲ್ಲರಿಗೂ ಹೇಳಿದಳು. "ಹಬ್ಬ ಅಂದ್ರೆ ಒಂದು ಸಲಾನೂ ತೊಂದ್ರೆ ಮಾಡ್ಕೊಂಡಿಲ್ಲ."

ಹೆಂಗಸರು ತಲೆದೂಗಿದರು. ದೊಡ್ಡಮ್ಮ ಮಾತ್ರ ನನ್ನ ಮೊಡವೆಗಳನ್ನೂ, ದುಪಟ್ಟಾ ಎಳೆದು ಮುಚ್ಚಿಕೊಂಡಿದ್ದ ಗದ್ದವನ್ನೂ ನೋಡಿದರು.

"ಹಬ್ಬ ಬಿಡು. ಬೇರೆ ದಿನ ಆಗ್ತದಾ ನಿಂಗೆ? ಕೊನೆಗೆ ಆದದ್ದು ಯಾವಾಗ?"

"ದೊಡ್ಡಮ್ಮ, ಪ್ಲೀಸ್…"

"ಎಂತ ಪ್ಲೀಸ್?"

ಬೇಸಿಗೆ ರಜೆಗೂ ಮೊದಲು ಎಂದು ಪಿಸುಗುಟ್ಟಿದೆ. ಅಮ್ಮನ ಕೈಯಲ್ಲಿ ದಾರ ನಿಂತಿತು. ನನ್ನಲ್ಲಿ ಏನೋ ಕೆಟ್ಟಿದೆ ಎಂದು ನನಗೆ ತಿಳಿದಿತ್ತು. ಎಲ್ಲರೂ ಹೊಗಳುತ್ತಿದ್ದುದರಿಂದ ಬಾಯಿಬಿಟ್ಟಿರಲಿಲ್ಲ.

ಅಮ್ಮ ಕೆಲವು ವಾರ ದೊಡ್ಡಮ್ಮನೊಡನೆ ಮಾತು ಬಿಟ್ಟಳು. ಅವರು ಅದನ್ನು ಲೆಕ್ಕಕ್ಕಿಡದೆ ಡಾಕ್ಟರ ಹತ್ತಿರ ಸಮಯ ಗೊತ್ತು ಮಾಡಿ, ನಮ್ಮಿಬ್ಬರನ್ನೂ ಟ್ಯಾಕ್ಸಿ ಹತ್ತಿಸಿದರು. ಪಿಸಿಒಎಸ್ ಎಂಬ ಹೆಸರನ್ನು ಅಲ್ಲಿಯೇ ಮೊದಲು ಕೇಳಿದೆ. ಅಂಡಾಶಯದಿಂದ ಅಂಡ ಸರಿಯಾಗಿ ಬಿಡುಗಡೆಯಾಗುವುದಿಲ್ಲ, ಮುಟ್ಟು ತಪ್ಪುತ್ತದೆ, ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಅಪಾಯವಾಗಬಹುದು, ಸಕ್ಕರೆ ಕಾಯಿಲೆಯ ಭಯವೂ ಇದೆ ಎಂದು ಡಾಕ್ಟರ್ ವಿವರಿಸಿದರು. ಮೊಡವೆ, ಗದ್ದದ ಕೂದಲು ಎಲ್ಲವೂ ಅದರಿಂದಲೇ. ಮುಟ್ಟು ಬರಿಸಲು ಮಾತ್ರೆ ಬರೆದುಕೊಟ್ಟು, ಸಿಹಿ ಬಿಟ್ಟು ದಿನವೂ ನಡೆಯಬೇಕು ಎಂದರು.

ಹೊರಗೆ ಬಂದ ಮೇಲೆ ಅಮ್ಮ ಮೆಲ್ಲನೆ ಕೇಳಿದಳು: "ಮದುವೆ ಆದ್ರೆ ಸರಿಹೋಗುತ್ತೇನೋ ಅಲ್ವಾ, ಅಕ್ಕಾ?"

"ಮದುವೆ ಎಂತ ಮಾತ್ರೆಯಾ ಮಾರಾಯ್ತಿ? ನಂಗೂ ಹಾಗೇ ಹೇಳಿ ಕೊಟ್ರು. ಆ ಮಾತ್ರೆ ಈಗ ಮನೆಯಲ್ಲಿ ಸೋಫಾದ ಮೇಲೆ ಕೂತು ಪೇಪರ್ ಓದ್ತಾ ಉಂಟು."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ವಾರದಿಂದ ಬೆಳಿಗ್ಗೆ ಕೆರೆಯ ಸುತ್ತ ನನ್ನನ್ನು ನಡೆಸುವ ಕೆಲಸವನ್ನು ದೊಡ್ಡಮ್ಮ ವಹಿಸಿಕೊಂಡರು. "ದೇಹ ಸುಮ್ಮನಿದ್ರೆ ಚೆನ್ನಾಗಿ ಉಂಟು ಅಂತ ಅರ್ಥ ಅಲ್ಲ," ಎನ್ನುತ್ತಿದ್ದರು. ಅವರ ಹದಿನಾರರಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಸಕ್ಕರೆ ಕಾಯಿಲೆ ತಡವಾಗಿ ಪತ್ತೆಯಾಯಿತು, ಹೃದಯ ಸೋತಿತು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ನನಗೆ ಅವರು ಹೆಚ್ಚಾಗಿ ನೆನಪಾಗುವುದು, ಡಾಕ್ಟರ ಬಳಿ ಹೋದ ಮರುವರ್ಷ ನವರಾತ್ರಿಯ ಅಷ್ಟಮಿಯ ದಿನ ಕಂಡಂತೆ. ಅಂದು ನಾನು ಹಾಲ್‌ನ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಒಳಗೆ ಯಾರೋ, "ಕಲಶದ ಹುಡುಗಿ ಎಲ್ಲಿ?" ಎಂದರು.

"ಅವಳು ಮುಟ್ಟಾಗಿದ್ದಾಳೆ," ಎಂದಳು ಅಮ್ಮ, ದನಿ ತಗ್ಗಿಸದೆ. "ಮಾತ್ರೆ ಇಲ್ದೆ, ತಾನಾಗೇ!"

ಸ್ವಲ್ಪ ಹೊತ್ತಿನಲ್ಲಿ ದೊಡ್ಡಮ್ಮ ಪಾಯಸದ ಬಟ್ಟಲು ಹಿಡಿದು ಹೊರಬಂದರು. ಹಿಂದೆಯೇ ಅಮ್ಮನ ಗಾಬರಿ: "ಅಕ್ಕಾ, ಇನ್ನೂ ನೈವೇದ್ಯ ಆಗಿಲ್ಲ!"

"ದೇವಿಯೂ ಹೆಣ್ಣೇ ಅಲ್ವಾ, ಅವಳಿಗೆ ಗೊತ್ತಾಗ್ತದೆ," ಎಂದು ದೊಡ್ಡಮ್ಮ ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತರು. "ತಿನ್ನು. ಇವತ್ತೊಂದು ದಿನ ಡಾಕ್ಟರಿಗೆ ನಾನು ಹೇಳ್ತೇನೆ."