ಕಾಫಿ ಹೊಯ್ಯುವವರು ಕೂರುವಂತಿಲ್ಲ

ಮೂರು ವಾರದ ಹಿಂದಿನ ಗುರುವಾರ ನಾನು ಮಾಡಿದ ಕೆಲಸಗಳು ಇವು. ಉದ್ದು ರುಬ್ಬಿದ್ದು. ಏಸಿಯ ಜಾಲರಿ ತೊಳೆದದ್ದು. ಮಗಳ ಯೂನಿಫಾರ್ಮಿಗೆ ಗುಂಡಿ ಹೊಲಿದದ್ದು. ಟ್ಯಾಂಕಿಗೆ ನೀರು ಬಂತೋ ಎಂದು ಎರಡು ಸಲ ತಾರಸಿ ಹತ್ತಿ ನೋಡಿದ್ದು. ಊರಿಗೆ ಹೊರಟವರ ಕೈಯಲ್ಲಿ ಕೊಡಲು ಅಮ್ಮನಿಗೆ ಪತ್ರ ಬರೆದದ್ದು. ಹತ್ತೂವರೆಗೆ, ಈ ದೇಶದ ಸಲಹಾ ಸಭೆಯ ಸದಸ್ಯರಾಗಬೇಕೆಂದಿದ್ದ ಒಬ್ಬ ಗಣಿತದ ಮೇಷ್ಟರಿಂದ ಗ್ಯಾಸ್ ಸಿಲಿಂಡರ್ ಹೊರಿಸಿದ್ದು.

ಕೊನೆಯದನ್ನು ಸ್ವಲ್ಪ ವಿವರಿಸಬೇಕು.

ನಾವಿರುವುದು ಒಮಾನಿನ ಒಳನಾಡಿನಲ್ಲಿ, ನಿಜ್ವಾದಿಂದ ಅರ್ಧ ಗಂಟೆ ದಾರಿಯ ಒಂದು ಸಣ್ಣ ಊರಿನಲ್ಲಿ. ನಮ್ಮ ಮನೆಯವರು ಇಲ್ಲಿನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. (ಊರಿನವರು 'ದಕ್ತೂರ್' ಎಂದೇ ಕರೆಯುವುದು. ಹನ್ನೊಂದು ವರ್ಷವಾಯಿತು, ಇವರು ತಿದ್ದಿಲ್ಲ.) ಇಲ್ಲಿ ಗುರುವಾರ, ಶುಕ್ರವಾರ ರಜೆ. ಅಂದು ಗ್ಯಾಸ್ ಮುಗಿದಿತ್ತು. ಗಾಡಿಯವನು ಬರುತ್ತೇನೆಂದಿದ್ದ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎತ್ತರದ ಕಪ್ಪು ಮನುಷ್ಯರೊಬ್ಬರು ನಿಂತಿದ್ದರು.

"ಉಧರ್, ಕಿಚನ್ ಮೇ. ಖಾಲಿ ವಾಲಾ ಪೆಹಲೇ ಬಾಹರ್ ರಖೋ" ಎಂದು ನನ್ನ ಉಡುಪಿ ಹಿಂದಿಯಲ್ಲಿ ಹೇಳಿ ದಾರಿ ಬಿಟ್ಟೆ.

ಅವರು ಚಪ್ಪಲಿ ಕಳಚಿದರು. ಒಳಗೆ ಬಂದರು. ಖಾಲಿ ಸಿಲಿಂಡರ್ ಎತ್ತಿ ಹೊರಗಿಟ್ಟರು. ಕೈ ಒರೆಸಿಕೊಂಡು ಬಹಳ ವಿನಯದಿಂದ, "ಭಾಭಿ, ತುಂಬಿದ್ದು ಎಲ್ಲುಂಟು?" ಎಂದು ಹಿಂದಿಯಲ್ಲಿ ಕೇಳಿದರು.

ನನಗೆ ಸಿಟ್ಟೇ ಬಂತು. ತುಂಬಿದ್ದನ್ನು ತರಬೇಕಾದವರು ಯಾರು, ನಾನಾ?

ಅಷ್ಟರಲ್ಲಿ ಇವರು ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ಬಚ್ಚಲಿನಿಂದ ಬಂದರು. "ಉಸ್ತಾದ್ ಖಲ್ಫಾನ್, ಬನ್ನಿ ಬನ್ನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಮಾಡಿದ್ದು ಮಾರಾಯ್ತಿ ನೀನು? ಹೈಸ್ಕೂಲಿನ ಗಣಿತದ ಮೇಷ್ಟ್ರು ಇವರು."

ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ. ಕಸೂತಿಯ ಟೊಪ್ಪಿ. ಜೇಬಿನಲ್ಲಿ ಎರಡು ಪೆನ್ನು. ಯಾವ ಗ್ಯಾಸಿನವನು ಹಾಗೆ ಬರುತ್ತಾನೆ? ಆದರೆ ಪೆನ್ನು ನನಗೆ ಕಂಡದ್ದು ಆಮೇಲೆ. ಮೊದಲು ಕಂಡದ್ದು ಬಣ್ಣ. ಅದೇ ಉಡುಪಿನಲ್ಲಿ ಗೋಧಿಬಣ್ಣದ ಒಬ್ಬರು ಬಂದಿದ್ದರೆ ಮೊದಲು ಕುರ್ಚಿ ಎಳೆಯುತ್ತಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ?

"ಪರವಾಗಿಲ್ಲ ಭಾಭಿ" ಎಂದರು ಖಲ್ಫಾನ್. "ಅಭ್ಯಾಸ ಉಂಟು. ಸಿಲಿಂಡರ್ ಮಾತ್ರ ಹೊಸದು."

ಪುಣೆಯಲ್ಲಿ ಮೂರು ವರ್ಷ ಓದಿದವರು. ಅವರ ಹಿಂದಿ ನನ್ನದಕ್ಕಿಂತ ನೂರು ಪಾಲು ವಾಸಿ. ಬಂದದ್ದು ಇಂಗ್ಲಿಷಿನಲ್ಲಿ ಒಂದು ಬಯೋಡೇಟಾ ಟೈಪ್ ಮಾಡಿಸಿಕೊಳ್ಳಲು. ಅದರ ಹಿಂದಿನ ಕತೆ ಹೀಗೆ.

ಇಲ್ಲಿ ಪ್ರತಿ ವಿಲಾಯತಿನ, ಅಂದರೆ ನಮ್ಮ ತಾಲೂಕಿನಂಥದ್ದರ, ಪ್ರಮುಖರು ಸೇರಿ ಕೆಲವು ಹೆಸರು ಆರಿಸಿ ರಾಜಧಾನಿ ಮಸ್ಕತ್ತಿಗೆ ಕಳಿಸುತ್ತಾರೆ. ಅದರಲ್ಲಿ ಒಬ್ಬರನ್ನು ಅಲ್ಲಿನವರು ಸಲಹಾ ಸಭೆಗೆ ಆರಿಸುತ್ತಾರೆ. ಖಲ್ಫಾನರಿಗೆ ತನ್ನ ಹೆಸರು ಆ ಪಟ್ಟಿಯಲ್ಲಿ ಬರಬೇಕು. ಅವರ ಕೇರಿಗೆ ಇನ್ನೂ ನೀರಿನ ಪೈಪಿಲ್ಲ, ಹೇಳುವವರೂ ಇಲ್ಲ. ಅವರ ಮುತ್ತಜ್ಜ ಆಫ್ರಿಕಾದ ಕರಾವಳಿಯಿಂದ ಹಡಗಿನಲ್ಲಿ ಬಂದವರು. ತಾವಾಗಿ ಬಂದದ್ದಲ್ಲ, ಮಾರಾಟವಾಗಿ ಬಂದದ್ದು. ಕೊಂಡುಕೊಂಡದ್ದು ಊರಿನ ಯಜಮಾನರಾದ ಶೇಖ್ ಅವರ ಮನೆತನ. ಈಗ ಗುಲಾಮಗಿರಿ ಇಲ್ಲ, ಕಾಗದದಲ್ಲಿ ಎಲ್ಲರೂ ಸಮಾನ. ಶೇಖ್ ಮನೆತನದ ಹೆಸರೇ ಖಲ್ಫಾನರ ಹೆಸರಿನ ಬಾಲದಲ್ಲೂ ಉಂಟು. ಆ ಮನೆಯಲ್ಲಿ ಹೆಣ್ಣು ಕೇಳಲು ಮಾತ್ರ ಆ ಬಾಲ ಸಾಲದು.

"ಹೆಸರು ಕೊಡಲಿಕ್ಕೆ ಎಂತ ಕಷ್ಟ? ಎದ್ದು ಹೇಳಿದರಾಯಿತು" ಎಂದರು ಇವರು.

"ಎದ್ದಲ್ಲ ದಕ್ತೂರ್, ಕೂತು ಹೇಳಬೇಕು" ಎಂದರು ಖಲ್ಫಾನ್.

ಊರಿನ ಗಂಡಸರೆಲ್ಲ ಪ್ರತಿ ಶುಕ್ರವಾರ ಸೇರುವ ಚಾವಡಿಯೊಂದು ಇದೆ. ಪಟ್ಟಿಗೆ ಹೆಸರು ಬರೆಯುವುದೂ ಅಲ್ಲೇ, ಮರುದಿನವೇ. ಗೋಡೆಗೊರಗಿ ಸುತ್ತಲೂ ಕೂರುವುದು. ಅಲ್ಲಿ ಕಾಫಿ ಹೊಯ್ಯುವುದು ಯಾವಾಗಲೂ ಖಲ್ಫಾನರ ಕುಟುಂಬದವರೇ. ಅಜ್ಜ ಹೊಯ್ದರು, ಮಾವ ಹೊಯ್ದರು. ಹೋದ ವರ್ಷ ಮಾವ ತೀರಿಕೊಂಡ ಮೇಲೆ ಯಾರೋ ಕೇಳದೆಯೇ ಹಿತ್ತಾಳೆ ಹೂಜಿಯನ್ನು ಖಲ್ಫಾನರ ಕೈಗೆ ಕೊಟ್ಟರಂತೆ. ಹೊಯ್ಯುವವರು ನಿಂತೇ ಇರಬೇಕು. ಮಾತೆಲ್ಲ ಕೂತವರದು.

"ಶಾಲೆಯಲ್ಲಿ ಅವರ ಮಕ್ಕಳು ನನ್ನನ್ನು ಕಂಡು ಎದ್ದು ನಿಲ್ಲುತ್ತಾರೆ. ಶುಕ್ರವಾರ ಅಪ್ಪಂದಿರು ಬಟ್ಟಲು ಚಾಚುತ್ತಾರೆ" ಎಂದರು. "ನಾನು ಹೂಜಿ ಹಿಡಿಯುವುದಿಲ್ಲ ಅಂದರೆ ಸೊಕ್ಕು ಬಂತು ಅನ್ನುತ್ತಾರೆ. ಬೇರೆ ಯಾರೂ ಹಿಡಿಯುವುದಿಲ್ಲ."

ಇವರಿಗೆ ಹುರುಪು ಬಂತು. "ನಾಳೆ ನಾನು ಹಿಡಿಯುತ್ತೇನೆ. ನಮ್ಮಲ್ಲಿ ಬಡಿಸುವುದು ಅಂದರೆ ದೊಡ್ಡ ಮರ್ಯಾದೆ, ಗೊತ್ತುಂಟಾ ಉಸ್ತಾದ್? ಮದುವೆಯಲ್ಲಿ ಸೊಂಟಕ್ಕೆ ಬೈರಾಸು ಕಟ್ಟಿ ಯಜಮಾನನೇ ಇಳಿಯುತ್ತಾನೆ."

ನಾನು ಕೆಮ್ಮಿದೆ. ನನ್ನ ಅಜ್ಜಿಯ ಮನೆಯಲ್ಲಿ ಅಂಗಳದ ಆಚೆ ನಿಂತವರಿಗೆ ಗಂಜಿಯನ್ನು ಮೊಳದೆತ್ತರದಿಂದ ಹೊಯ್ಯುತ್ತಿದ್ದರು. ಕುಡಿಯಲು ತೆಂಗಿನ ಗೆರಟೆಯೂ ಅವರೇ ತರಬೇಕಿತ್ತು. "ಯಾರಿಗೆ ಹೇಗೆ ಬಡಿಸುತ್ತೇವೆ ಅಂತಲೂ ಹೇಳಿ" ಎಂದು ತುಳುವಿನಲ್ಲಿ ನೆನಪಿಸಿದೆ. ಇವರಿಗೆ ಕಿವಿಯ ಸೋಪು ಅಡ್ಡ ಬಂತು.

ಆ ಮಧ್ಯಾಹ್ನವೆಲ್ಲ ನಮ್ಮ ಹಾಲಿನಲ್ಲಿ ರಿಹರ್ಸಲ್. ಎಡಗೈಯಲ್ಲಿ ಫ್ಲಾಸ್ಕು, ಬಲಗೈಯಲ್ಲಿ ಪುಟ್ಟ ಬಟ್ಟಲುಗಳು. ಮೊದಲು ಶೇಖರಿಗೆ, ಅವರಿಂದ ಬಲಕ್ಕೆ. ಬಟ್ಟಲಿನ ತಳದಲ್ಲಿ ಮೂರು ಗುಟುಕು, ಅಷ್ಟೇ. ಕುಡಿದವರು ಬಟ್ಟಲು ಅಲ್ಲಾಡಿಸಿದರೆ ಸಾಕು ಎಂದರ್ಥ. ನಾನು ಶೇಖ್ ಆಗಿ ದಿಂಬಿಗೊರಗಿ ಕೂತು ಬಟ್ಟಲು ಅಲ್ಲಾಡಿಸಿದೆ. (ಮದುವೆಯಾದ ಮೇಲೆ ಇವರು ನನಗೆ ಕಾಫಿ ಕೊಟ್ಟದ್ದು ಅದೇ ಮೊದಲು.) ಖಲ್ಫಾನ್ ಎರಡು ಸಲ ತಿದ್ದಿದರು. ಪಾಸ್ ಎಂದರು.

ಹೆಂಗಸರಿಗೆ ಚಾವಡಿಗೆ ಪ್ರವೇಶವಿಲ್ಲ. ಹಾಗಾಗಿ ಮರುದಿನ ಶುಕ್ರವಾರ ಅಲ್ಲಿ ನಡೆದದ್ದನ್ನು ಇಬ್ಬರ ಬಾಯಿಯಲ್ಲೂ ಕೇಳಿ ನಾನು ಜೋಡಿಸಿದ್ದೇನೆ.

ನಲವತ್ತು ಗಂಡಸರು ಕೂತಿದ್ದರು. ಖಲ್ಫಾನ್ ಒಳಗೆ ಹೋದರು. ಬಾಗಿಲ ಹತ್ತಿರ, ಸಾಲಿನ ತುದಿಯಲ್ಲಿ, ಕೂತುಬಿಟ್ಟರು. ಎಲ್ಲರೂ ಮೂಲೆಯ ಹೂಜಿಯನ್ನು ನೋಡಿದರು. ಆಗ ನಮ್ಮ ದಕ್ತೂರ್ ತೋಳು ಮಡಚಿ ಹೂಜಿ ಎತ್ತಿದರು.

ಎತ್ತಿದ್ದೇ ತಡ, ರಿಹರ್ಸಲ್ ಎಲ್ಲ ಮರೆತುಹೋಯಿತು. ಇಪ್ಪತ್ತು ವರ್ಷ ನೆಂಟರ ಮದುವೆಗಳಲ್ಲಿ ಪಾಯಸ ಬಡಿಸಿದ ಕೈ ಅದು. ಪಂಕ್ತಿಯ ತುದಿಯಿಂದ ಶುರು ಮಾಡಿತು. ತುದಿಯಲ್ಲಿ ಇದ್ದವರು ಯಾರು? ಖಲ್ಫಾನ್. ಶೇಖರಿಗೆ ಸಲ್ಲಬೇಕಾದ ಮೊದಲ ಬಟ್ಟಲು, ಕಂಠಪೂರ್ತಿ ತುಂಬಿ, ಹೊಯ್ಯುವವರ ಮನೆಯ ಮಗನ ಕೈಗೆ ಬಂತು.

"ಜೀವ ಬಾಯಿಗೆ ಬಂತು ಭಾಭಿ" ಎಂದರು ಖಲ್ಫಾನ್. "ಎದ್ದು ಹೋಗಿ ಶೇಖರಿಗೆ ಕೊಟ್ಟರೆ ನಾನು ಮತ್ತೆ ಹೊಯ್ಯುವವನಾದೆ. ಕುಡಿದರೆ ಊರಿಗೇ ಅವಮಾನ. ಏನು ಮಾಡುವುದು?"

"ಏನು ಮಾಡಿದಿರಿ?"

"ಕುಡಿದೆ. ಬಿಸಿ ಇತ್ತು. ನಾಲಗೆ ಸುಟ್ಟಿತು. ಪೂರ್ತಿ ಕುಡಿದೆ."

ಇವರು ಅಲ್ಲಿಗೆ ನಿಲ್ಲಿಸಿದರೇ? ಇಲ್ಲ. ನಲವತ್ತು ಬಟ್ಟಲನ್ನೂ ತುಂಬಿ ತುಳುಕುವಂತೆ ಹೊಯ್ದರು. ಈ ಸೀಮೆಯಲ್ಲಿ ಬಟ್ಟಲು ತುಂಬಿಸಿ ಕೊಟ್ಟರೆ 'ಕುಡಿದು ಹೊರಡು' ಎಂದರ್ಥ. ಯಾರೋ ಬಟ್ಟಲು ಅಲ್ಲಾಡಿಸಿದರೆ ಕೈ ಹಿಡಿದು ನಿಲ್ಲಿಸಿ, "ನಾಚಿಕೆ ಬೇಡ, ಒಳಗೆ ಇನ್ನೂ ಉಂಟು" ಎಂದು ಮತ್ತೆ ಹೊಯ್ದರು.

ವಯಸ್ಸಾದ ಶೇಖ್ ತನ್ನ ತುಂಬಿದ ಬಟ್ಟಲನ್ನು ಬಹಳ ಹೊತ್ತು ನೋಡಿದರಂತೆ. "ದಕ್ತೂರ್, ಇದು ನನ್ನ ಚಾವಡಿ. ನಾನು ಎಲ್ಲಿಗೆ ಹೋಗಲಿ?" ಎಂದರಂತೆ. ಒಬ್ಬರು ನಕ್ಕರು. ನಲವತ್ತೂ ಜನ ನಕ್ಕರು. ಇವರೂ ನಕ್ಕರು, ಯಾಕೆಂದು ತಿಳಿಯದೆ.

ನಗು ಮುಗಿದ ಮೇಲೆ ಶೇಖ್ ಬಾಗಿಲ ಕಡೆ ನೋಡಿದರು. "ಖಲ್ಫಾನ್, ಇವರಿಗೆ ಕಲಿಸಿದ್ದು ನೀನಾ?"

"ಹೌದು. ಶಿಷ್ಯ ದಡ್ಡ."

"ನನ್ನ ಮೊಮ್ಮಗನೂ ದಡ್ಡನೇ. ಅವನನ್ನು ನೀನು ಹೇಗೋ ಪಾಸ್ ಮಾಡಿಸಿದೆ. ಇವತ್ತು ಕೂತಿದ್ದೀಯಲ್ಲ, ಏನು ಹೇಳಬೇಕಿತ್ತು?"

"ನನ್ನ ಹೆಸರನ್ನೂ ಬರೆಯಿರಿ."

ಶೇಖ್ ಬರೆಯುವವರಿಗೆ ಕೈಸನ್ನೆ ಮಾಡಿದರು. ಮೂರನೆಯ ಹೆಸರಾಗಿ ಖಲ್ಫಾನ್ ಮಸ್ಕತ್ತಿಗೆ ಹೋದರು. ಕಾಗದದ ಮೇಲೆ.

ಮುಂದಿನ ಶುಕ್ರವಾರ ಇವರು ಡ್ಯೂಟಿಯಲ್ಲಿದ್ದರು. ಖಲ್ಫಾನ್ ಮತ್ತೆ ಹೋಗಿ ಕೂತರಂತೆ. ಹೂಜಿ ಮೂಲೆಯಲ್ಲಿತ್ತು. ನಲವತ್ತು ಜನ ಹೂಜಿಯನ್ನು ನೋಡಿದರು, ಖಲ್ಫಾನರನ್ನು ನೋಡಿದರು, ಪುನಃ ಹೂಜಿಯನ್ನು ನೋಡಿದರು. ಯಾರೂ ಏಳಲಿಲ್ಲ. ಅಂದು ಊರಿನ ಪ್ರಮುಖರೆಲ್ಲ ಕಾಫಿ ಇಲ್ಲದೆ ಮನೆಗೆ ಹೋದರು. ನಮ್ಮೂರಿನ ಕೆಲವು ಹಿರಿಯರೂ ಹಾಗೆಯೇ. ಉಪವಾಸ ಇರುತ್ತಾರೆಯೇ ಹೊರತು ತಾವಾಗಿ ಬಡಿಸಿಕೊಳ್ಳುವುದಿಲ್ಲ.

ಇವತ್ತು ಶುಕ್ರವಾರ. ಮಧ್ಯಾಹ್ನದ ರೇಡಿಯೋ ವಾರ್ತೆಯಲ್ಲಿ ಆಯ್ಕೆಯಾದವರ ಹೆಸರು ಓದುತ್ತಾರೆಂದು ಸುದ್ದಿಯಿತ್ತು. ನಮಾಜು ಮುಗಿಸಿ ಒಂದು ಗಂಟೆಗೆ ಖಲ್ಫಾನ್ ಒಂದು ಬುಟ್ಟಿ ಖರ್ಜೂರ ಹಿಡಿದು ನಮ್ಮ ಮನೆಗೆ ಬಂದರು. "ಮನೆಯಲ್ಲಿ ಕೂರಲಾಗುವುದಿಲ್ಲ ಭಾಭಿ. ಚಿಕ್ಕಪ್ಪಂದಿರು, ಅತ್ತೆಯರು, ಇಡೀ ಕೇರಿ ರೇಡಿಯೋ ಸುತ್ತ ಕೂತಿದೆ. ಆಗಲೇ ಆಡು ತಂದು ಕಟ್ಟಿದ್ದಾರೆ. ಮೂರು ವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ."

ಕುಚ್ಚಲಕ್ಕಿ ಅನ್ನ, ಅಂಜಲ್ ಮೀನಿನ ಸಾರು, ತೊಂಡೆಕಾಯಿ ಪಲ್ಯ. ಖಲ್ಫಾನ್ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಎರಡು ಸಲ ಹಾಕಿಸಿಕೊಂಡರು. ಉಂಡು ಸೋಫಾಕ್ಕೆ ಒರಗಿದರು. "ಕಣ್ಣು ಮುಚ್ಚುತ್ತೇನೆ, ಅಷ್ಟೆ. ವಾರ್ತೆ ಬಂದಾಗ ಕರೆಯಿರಿ" ಎಂದರು. ಎರಡು ನಿಮಿಷದಲ್ಲಿ ಗೊರಕೆ.

ವಾರ್ತೆ ಬಂತು. ಒಂದೊಂದೇ ವಿಲಾಯತಿನ ಹೆಸರು ಓದಿದರು. ನಮ್ಮದೂ ಬಂತು. ಅದರ ಮುಂದೆ ಒಂದು ಹೆಸರೂ ಬಂತು. ಖಲ್ಫಾನರದ್ದಲ್ಲ.

ಇವರು ರೇಡಿಯೋದ ಸದ್ದು ತಗ್ಗಿಸಿದರು. "ನೀನು ಎಬ್ಬಿಸು" ಎಂದರು.

"ನೀವೇ ಎಬ್ಬಿಸಿ. ನಿಮ್ಮ ಮೇಷ್ಟ್ರು" ಎಂದೆ.

ಖಲ್ಫಾನ್ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ನಾವಿಬ್ಬರೂ ಎದುರಿಗೆ ಕೂತಿದ್ದೇವೆ. ನೀವೇ ಹೇಳಿ, ಮೂರು ವಾರದ ಮೇಲೆ ಕಣ್ಣು ಮುಚ್ಚಿದ ಮನುಷ್ಯನನ್ನು ಇಂಥ ಸುದ್ದಿ ಹೇಳಲು ಎಬ್ಬಿಸುವುದು ಹೇಗೆ?