ಹದಿನಾಲ್ಕು ಅಡಿ ಮೂರು ಇಂಚಿನ ಜಲಪಾತ

ನಂಜನಗೂಡು ಸೀಮೆಯವರಿಗೆ ಜಲಪಾತ ನೋಡಬೇಕೆನಿಸಿದರೆ ಶಿವನಸಮುದ್ರಕ್ಕೋ ಚುಂಚನಕಟ್ಟೆಗೋ ಹೋಗುತ್ತಾರೆ. ನೀರು ಬೀಳುವುದನ್ನು ನೋಡಿ, ಫೋಟೋ ತೆಗೆಸಿಕೊಂಡು, ಉಪ್ಪುಖಾರ ಹಚ್ಚಿದ ಸೌತೆಕಾಯಿ ತಿಂದು ಸಂಜೆಯೊಳಗೆ ಮನೆ ಸೇರುತ್ತಾರೆ. ತಮ್ಮ ಊರ ಮಗ್ಗುಲಲ್ಲೇ ಅಂಥದ್ದೊಂದು ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ದೇವನೂರಿನ ಮಾರಯ್ಯನಿಗೂ ಅರವತ್ತು ತುಂಬುವವರೆಗೆ ಹೊಳೆದಿರಲಿಲ್ಲ.

ಮಾರಯ್ಯ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಬ್ಬಿಣದ ಕೊಳವೆ ಅಳೆದವನು. ಅಳತೆ ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ. ರಿಟೈರಾದ ದಿನ ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮನೆಯಲ್ಲಿ ಆಗಲೇ ಎರಡಿದ್ದವು. ಅಂಗಿ ಜೇಬಿನಲ್ಲಿ ಟೇಪು ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಆ ವರ್ಷ ಅಕ್ಟೋಬರಿನಲ್ಲಿ ತಿ. ನರಸೀಪುರದ ನೆಂಟರ ಮನೆಯ ನಾಮಕರಣಕ್ಕೆಂದು ಮೊಪೆಡ್ಡಿನಲ್ಲಿ ಹೊರಟಿದ್ದ. ದಾರಿಯಲ್ಲಿ ಮಳೆ ಬಂತು. ಹುಣಸೆಮರದ ಕೆಳಗೆ ನಿಂತ. ಮಳೆ ನಿಂತ ಮೇಲೂ ಒಂದು ಸದ್ದು ನಿಲ್ಲಲಿಲ್ಲ. ಸದ್ದಿನ ಜಾಡು ಹಿಡಿದು ಹೊಲದ ಬದುವಿನಿಂದ ಕೆಳಗಿಳಿದು ನೋಡಿದರೆ, ಹಳ್ಳದ ನೀರು ಒಂದು ಬಂಡೆಯ ಮೇಲಿಂದ ಬೀಳುತ್ತಿತ್ತು. ಮಾರಯ್ಯ ಟೇಪು ತೆಗೆದು ಅಳೆದ. ನಾಲ್ಕು ಅಡಿ ಏಳು ಇಂಚು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಅಳೆದದ್ದಕ್ಕೆ ಯಾವ ಚೀಟಿಯನ್ನೂ ಅಂಟಿಸಬೇಕಾಗಿರಲಿಲ್ಲ. ಅಲ್ಲೇ ಬಹಳ ಹೊತ್ತು ನಿಂತ. ನಾಮಕರಣದ ಊಟ ಮುಗಿದ ಮೇಲೆ ಹೋಗಿ, ಪಂಕ್ಚರ್ ಆಗಿತ್ತೆಂದು ಹೇಳಿದ.

ಅವತ್ತಿನಿಂದ ಭಾನುವಾರಗಳು ಹಾಗೆಯೇ ಕಳೆದವು. ಒಂದು ಉದ್ದನೆಯ ಪುಸ್ತಕ ತಂದು ಗೆರೆ ಹಾಕಿದ: ಊರು, ಎತ್ತರ, ಅಗಲ, ಸ್ನಾನ ಮಾಡಬಹುದೇ, ಹಾವು ಕಂಡಿತೇ. ಮೂರು ಅಡಿಗಿಂತ ಕಡಿಮೆಯದನ್ನು ಅವನು ಜಲಪಾತವೆಂದು ಒಪ್ಪುತ್ತಿರಲಿಲ್ಲ. ಹಳ್ಳಕೊಳ್ಳ ಸುತ್ತುವವನನ್ನು ಕಂಡು ಕೆಲವರು ನಿಧಿ ಹುಡುಕುತ್ತಿದ್ದಾನೆಂದರು. ಅವನ ಹೆಂಡತಿ ಮಹದೇವಮ್ಮ ಹಾಗೇನೂ ಹೇಳಲಿಲ್ಲ. ನೀರು ಬೀಳುವುದನ್ನು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ಮಳೆ ಬಂದಾಗ ಅಡುಗೆಮನೆಯಲ್ಲಿ ನಿಂತರೆ ಸಾಕು ಎಂದಳು. ಮಾರಯ್ಯ ಮಾರನೆಯ ದಿನ ಹೆಂಚು ಸರಿಮಾಡಿಸಿ, ಆ ಭಾನುವಾರ ಮತ್ತೆ ಹೊರಟ.

ಎರಡನೆಯ ವರ್ಷದ ಹೊತ್ತಿಗೆ ಪುಸ್ತಕದಲ್ಲಿ ಏಳು ಜಲಪಾತಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಎಂಟು ಅಡಿಯದು. ಒಂದು ಸಂಜೆ ಅದರ ವಿಷಯವನ್ನು ಹೆಂಡತಿಗೆ ಎರಡನೆಯ ಸಲ ವಿವರಿಸುತ್ತಿದ್ದಾಗ, ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಪುಟ್ಟಮಾದಮ್ಮ ಕುಟ್ಟುವುದನ್ನು ನಿಲ್ಲಿಸಿದಳು. ಅವಳಿಗೆ ಎಂಬತ್ನಾಲ್ಕು. ಮಂಡಿ ಸೋತಿದ್ದವು, ಕಿವಿ ಸೋತಿರಲಿಲ್ಲ.

"ಇಷ್ಟೆಲ್ಲ ಸುತ್ತೀಯ, ಚಿಕ್ಕಸ್ವಾಮಪ್ಪಾರ ಒಲದ ಕೆಳಗಡೆ ಇರದ ನೋಡ್ನಿಲ್ವಾ?"

ಅಲ್ಲಿ ಯಾವ ನೀರು ಬೀಳುತ್ತದೆ ಎಂದು ಮಾರಯ್ಯ ಕೇಳಿದ.

"ಬೀಳ್ತಿತ್ತು. ಕಳೆ ಕೀಳಕೆ ಓದಾಗ ಮದ್ದಾನ ಅಲ್ಲೇ ಇಟ್ಟುಣ್ತಿದ್ದೊ. ಮೇಲಿನ ಬಾವಿ ನೀರ ನಮಗೆ ಮುಟ್ಟಗೊಡ್ತಿರ್ನಿಲ್ವಲ್ಲ, ಅದ್ಕೇ ಅಳ್ಳಕ್ಕೆ ಇಳೀತಿದ್ದೊ."

ಎರಡು ವರ್ಷದಿಂದ ತಾನು ಹುಡುಕುತ್ತಿರುವಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ಮಗ ಕೇಳಿದ್ದಕ್ಕೆ ಅವಳು, ನೀನು ಕೇಳಲಿಲ್ಲ ಎಂದು ಮತ್ತೆ ಕುಟ್ಟತೊಡಗಿದಳು.

ಚಿಕ್ಕಸ್ವಾಮಿ ಊರಿನ ಜಮೀನುದಾರರ ಮನೆಯವನು. ಆರು ಹಸು, ಅರಿಶಿನದ ಹೊಲ, ಎರಡು ಬೋರು. ಏಳನೇ ಕ್ಲಾಸಿನವರೆಗೆ ಮಾರಯ್ಯನ ಜೊತೆ ಓದಿದವನು. ಮಾರಯ್ಯ ಹೋದಾಗ ಕುರ್ಚಿ ಹಾಕಿಸಿ ಕಾಫಿ ತರಿಸಿದ. ಅವನ ಅಪ್ಪನ ಕಾಲದಲ್ಲಿ ಮಾರಯ್ಯನ ಮನೆಯವರಿಗೆ ಎರಡೂ ಇರಲಿಲ್ಲ. ವಿಷಯ ಕೇಳಿ ಅವನು ಒಳಗೆ ಹೋಗಿ ಪಹಣಿ ತಂದು ಮುಂದಿಟ್ಟ. ಹಳ್ಳ, ಆರು ಗುಂಟೆ, ಖರಾಬು ಎಂದು ಅದರಲ್ಲಿತ್ತು.

"ಇದ್ರಲ್ಲಿ ಫಾಲ್ಸ್ ಅಂತ ಎಲ್ಲದೆ ತೋರ್ಸು, ಮಾರಯ್ಯ. ನಲವತ್ತು ವರ್ಷದಿಂದ ಉಳ್ತಾ ಇವ್ನಿ ನಾನು."

ಮಳೆಗಾಲದಲ್ಲಿ ಆ ಕಡೆಯಿಂದ ಸದ್ದೇನೂ ಕೇಳುವುದಿಲ್ಲವೇ ಎಂದು ಮಾರಯ್ಯ ವಿಚಾರಿಸಿದ. ಕೇಳುತ್ತದೆ, ಅದು ಪಕ್ಕದ ಹೊಲದ ಬಸವಯ್ಯನ ಪಂಪ್‌ಸೆಟ್ಟು ಎಂದ ಚಿಕ್ಕಸ್ವಾಮಿ.

"ಬಸವಯ್ಯನ ಬೋರು ಬತ್ತಿ ಆರು ವರ್ಸ ಆಯ್ತಲ್ಲಣ್ಣ."

ಚಿಕ್ಕಸ್ವಾಮಿ ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಎದ್ದು ಮಚ್ಚು ತಂದ.

ಅರಿಶಿನದ ಹೊಲದ ಅಂಚಿನಿಂದ ಕೆಳಕ್ಕೆ ಪೂರ್ತಿ ಲಂಟಾನ ಬೆಳೆದಿತ್ತು. ಇಬ್ಬರೂ ಸರದಿಯ ಮೇಲೆ ಕಡಿದು ಇಳಿಯುವುದಕ್ಕೆ ಮಧ್ಯಾಹ್ನವಾಯಿತು. ಚಿಕ್ಕಸ್ವಾಮಿ ಎರಡು ಸಲ ಜಾರಿ ಕೂತ. ಎರಡನೆಯ ಸಲ ಕೂತಲ್ಲಿಂದಲೇ ಅದು ಕಂಡಿತು. ಕರಿಬಂಡೆಯ ನೆತ್ತಿಯಿಂದ ನೀರು ಎರಡು ಎಳೆಯಾಗಿ ಇಳಿದು, ನಡುವೆ ಒಂದಾಗಿ, ಕೆಳಗಿನ ಗುಂಡಿಗೆ ಬೀಳುತ್ತಿತ್ತು. ಮೇಲೆ ಅತ್ತಿಮರ. ನೀರಿನ ಹನಿ ಮುಖಕ್ಕೆ ಬಡಿಯುತ್ತಿತ್ತು. ತನ್ನದೇ ಹೊಲದಲ್ಲಿ ತನಗೆ ಗೊತ್ತಿಲ್ಲದ ಒಂದನ್ನು ನೋಡಿದವನ ಹಾಗೆ ಚಿಕ್ಕಸ್ವಾಮಿ ಕೂತೇ ಇದ್ದ. ಮಾರಯ್ಯ ಅವನನ್ನು ಎಬ್ಬಿಸಿ ಮೇಲೆ ಕಳಿಸಿ, ಟೇಪಿನ ತುದಿ ಹಿಡಿದುಕೊಳ್ಳಲು ಹೇಳಿದ. ಹದಿನಾಲ್ಕು ಅಡಿ ಮೂರು ಇಂಚು ಬಂತು. ಸರಿಯಾಗಿ ಅಳೆದೆಯಾ ಎಂದು ಚಿಕ್ಕಸ್ವಾಮಿ ಮೇಲಿನಿಂದ ಕೇಳಿದ. ಈ ಪ್ರಶ್ನೆಯನ್ನು ಕಾರ್ಖಾನೆಯಲ್ಲಿ ಮಾರಯ್ಯನಿಗೆ ಯಾರೂ ಕೇಳಿರಲಿಲ್ಲ. ಆದರೂ ಇನ್ನೊಮ್ಮೆ ಅಳೆದು ತೋರಿಸಿದ.

ಚಿಕ್ಕಸ್ವಾಮಿಯ ಮಗಳು ಲಿಖಿತಾ ನಂಜನಗೂಡಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಆ ವಾರವೇ ಅದರ ವಿಡಿಯೋ ಮಾಡಿ, ಹಿಂದೆ ಕೊಳಲಿನ ಸಂಗೀತ ಸೇರಿಸಿ, 'ಚಿಕ್ಕಸ್ವಾಮಿ ಫಾಲ್ಸ್' ಎಂದು ಹೆಸರು ಕೊಟ್ಟು ಫೋನಿನಲ್ಲಿ ಹಾಕಿದಳು. ತನ್ನ ತಂದೆ ಕಂಡುಹಿಡಿದದ್ದೆಂದೂ ಹೇಳಿದ್ದಳು. ಮುಂದಿನ ಭಾನುವಾರ ಮೈಸೂರಿನಿಂದ ನಾಲ್ಕು ಬೈಕು ಬಂದವು. ಅದರ ಮುಂದಿನ ಭಾನುವಾರ ನಲವತ್ತು. ಅರಿಶಿನದ ಎರಡು ಸಾಲು ಕಾಲುದಾರಿಯಾಯಿತು. ಮದನ್ ಎಂಬ ಹುಡುಗ ಸೆಲ್ಫಿ ತೆಗೆಯುತ್ತ ಹಿಂದಕ್ಕೆ ಹೆಜ್ಜೆಯಿಟ್ಟು ಬಿದ್ದು ಮಣಿಕಟ್ಟು ಮುರಿದುಕೊಂಡ. ಆಸ್ಪತ್ರೆಯಲ್ಲಿ ಬ್ಯಾಂಡೇಜು ಹಾಕಿಸಿಕೊಂಡು ಮಲಗಿ, ಜಾಗ ಮಾತ್ರ ತುಂಬಾ ಚೆನ್ನಾಗಿದೆ ಎಂದು ಇನ್ನೊಂದು ವಿಡಿಯೋ ಹಾಕಿದ. ಅದನ್ನು ನೋಡಿದವರೂ ಬಂದರು. ಕೊನೆಗೆ ಚಿಕ್ಕಸ್ವಾಮಿ ಹೊಲಕ್ಕೆ ತಂತಿ ಬೇಲಿ ಹಾಕಿಸಿ, ಗೇಟಿಗೆ ಬೀಗ ಜಡಿದ.

ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಕ್ಲರ್ಕಾಗಿದ್ದ ಮಾರಯ್ಯನ ಮಗಳು ದಿವ್ಯಾಗೆ ಆ ವಿಡಿಯೋ ಆಫೀಸಿನಲ್ಲೇ ಸಿಕ್ಕಿತು. ಸಂಜೆ ಮನೆಗೆ ಬಂದವಳು ಬ್ಯಾಗು ಇಳಿಸುವ ಮೊದಲೇ ಕೇಳಿದಳು.

"ಹುಡುಕಿದ್ದು ನೀನು, ಹೆಸರು ಅವರದಾ ಅಪ್ಪ?"

"ನಾನೂ ಉಡುಕ್ನಿಲ್ಲ ಕಣವ್ವ. ನಿಮ್ಮಜ್ಜಿ ಯೋಳುದ್ದು," ಎಂದ ಮಾರಯ್ಯ.

ಹಾಗೆ ಹೇಳಿದನಾದರೂ ಎರಡು ಭಾನುವಾರ ಅವನು ಎಲ್ಲಿಗೂ ಹೋಗಲಿಲ್ಲ. ಮೊಪೆಡ್ಡನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ತೊಳೆದ. ಎರಡನೆಯ ಭಾನುವಾರ, ತೊಳೆದಿದ್ದನ್ನೇ ಮತ್ತೆ ತೊಳೆದ. ಮಹದೇವಮ್ಮ ಇದನ್ನು ನೋಡಿ, ಬಕೆಟ್ಟಿಗೆ ಇನ್ನಷ್ಟು ನೀರು ತಂದು ಸುರಿದಳು.

ಪುಟ್ಟಮಾದಮ್ಮ ಮೊಮ್ಮಗಳ ಫೋನಿನಲ್ಲಿ ಆ ವಿಡಿಯೋವನ್ನು ಮೂರು ಸಲ ಹಾಕಿಸಿ ನೋಡಿದಳು. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ವಾಪಸು ಕೊಟ್ಟು, ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದಳು. ಯಾಕೆಂದು ಹೇಳಲಿಲ್ಲ. ಮಂಡಿ ಆಪರೇಷನ್ ಬೇಡವೆಂದದ್ದನ್ನು ಬಿಟ್ಟರೆ ಹತ್ತು ವರ್ಷದಿಂದ ಅವಳು ಇಂಥದ್ದು ಬೇಕೆಂದೋ ಬೇಡವೆಂದೋ ಹೇಳಿದವಳಲ್ಲ.

ಮಾರಯ್ಯ ಬೀಗದ ಕೈ ಕೇಳಲು ಹೋದ. ಚಿಕ್ಕಸ್ವಾಮಿ ಅವನನ್ನು ಕಂಡು, ಆ ವಿಡಿಯೋ ಮಗಳು ಮಾಡಿದ್ದು, ತನ್ನನ್ನು ಕೇಳಿ ಮಾಡಿದ್ದಲ್ಲ ಎಂದು ಹಸುವಿನ ಕಡೆ ತಿರುಗಿಕೊಂಡು ಹೇಳಿದ. ಮಾರಯ್ಯ ತಾನು ಬಂದದ್ದು ಅದಕ್ಕಲ್ಲ ಎಂದು ಅವ್ವನ ವಿಷಯ ಹೇಳಿದ. ಚಿಕ್ಕಸ್ವಾಮಿ ಆಗ ಸರಿಯಾಗಿ ತಿರುಗಿ ನೋಡಿದ.

"ನಡಿಯಕ್ಕೇ ಆಗಲ್ವಲ್ಲೋ ಅವ್ರಿಗೆ. ಎಂಗೆ ಇಳಿಸ್ತೀಯ?"

ಹೊತ್ತುಕೊಂಡು ಇಳಿಯುವುದಾಗಿ ಮಾರಯ್ಯ ಹೇಳಿದ. ನಿನಗೂ ಅರವತ್ತೆರಡು ಎಂದು ಚಿಕ್ಕಸ್ವಾಮಿ ನೆನಪಿಸಿದ. ಆಮೇಲೆ ಜಗಲಿಯಿಂದ ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದ.

ಹೀಗೆ ಆ ಶನಿವಾರ ಬೆಳಿಗ್ಗೆ ಪುಟ್ಟಮಾದಮ್ಮ ಒಗೆದ ಸೀರೆ ಉಟ್ಟು, ಎಲೆಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು, ಕುರ್ಚಿಯಲ್ಲಿ ಕೂತು ಹಳ್ಳಕ್ಕೆ ಇಳಿದಳು. ಮುಂದಿನ ಕಾಲುಗಳನ್ನು ಮಗ ಹಿಡಿದಿದ್ದ, ಹಿಂದಿನವನ್ನು ಚಿಕ್ಕಸ್ವಾಮಿ. ಮಹದೇವಮ್ಮ ಮುಂದೆ ನಡೆದು ಮುಳ್ಳು ಸರಿಸುತ್ತಿದ್ದಳು. ಮುದುಕಿಗೆ ಭಯವೇನೂ ಇದ್ದಂತಿರಲಿಲ್ಲ. ಎಡಕ್ಕೆ ಹಿಡಿಯಿರಿ, ಬಲಕ್ಕೆ ಹಿಡಿಯಿರಿ ಎಂದು ಮೇಲಿನಿಂದ ಹೇಳುತ್ತಿದ್ದಳು. ಜಲಪಾತದ ಮುಂದೆ ಕುರ್ಚಿ ಇಳಿಸಿದಾಗ ಇಬ್ಬರು ಗಂಡಸರೂ ಏದುಸಿರು ಬಿಡುತ್ತಿದ್ದರು. ಪುಟ್ಟಮಾದಮ್ಮ ಬೀಳುವ ನೀರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದಲ್ಲ ಕಣ್ಲಾ," ಎಂದಳು.

ಹಳ್ಳ ಹರಿದುಹೋಗುವ ಕಡೆ ಕೈ ತೋರಿಸಿದಳು.

"ಇದು ಆರಂಬದ ಗಂಡಸ್ರು, ನೇಗ್ಲು ಕಟ್ಟೋರು, ಮೈ ತೊಳ್ಕತಿದ್ದುದ್ದು. ನಮ್ದು ಇನ್ನೂ ಕೆಳಗದೆ."

ಚಿಕ್ಕಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕುರ್ಚಿಯ ಹಿಂದಿನ ಕಾಲುಗಳನ್ನು ಮತ್ತೆ ಹಿಡಿದ.

ಐವತ್ತು ಅರವತ್ತು ಹೆಜ್ಜೆ ಕೆಳಗೆ ಹಳ್ಳ ಒಂದು ಬಂಡೆಗೆ ಸುತ್ತಿ ತಿರುಗುತ್ತಿತ್ತು. ಆ ತಿರುವಿನ ಹಿಂದೆ ಇನ್ನೊಂದು ಜಲಪಾತವಿತ್ತು. ಎತ್ತರವಿಲ್ಲ, ಅಗಲವಾಗಿ, ತೆಳ್ಳಗೆ ಬೀಳುತ್ತಿತ್ತು. ಎದುರಿಗೆ ಹತ್ತು ಜನ ಕೂರುವಷ್ಟು ಚಪ್ಪಟೆ ಹಾಸುಬಂಡೆ. ಅದರ ಮೇಲೆ ಅಂಗೈಯಗಲದ ಐದಾರು ಕುಳಿಗಳು, ಒಳಗೆ ನುಣ್ಣಗೆ ಸವೆದಿದ್ದವು. ಮಹದೇವಮ್ಮ ಅತ್ತೆಯನ್ನು ಹಿಡಿದು ಬಂಡೆಯ ಮೇಲೆ ಕೂರಿಸಿದಳು. ಮುದುಕಿ ಹತ್ತಿರದ ಕುಳಿಯಲ್ಲಿ ತುಂಬಿದ್ದ ತರಗೆಲೆ ಎತ್ತಿ ಎಸೆದು, ಬೆರಳು ಹಾಕಿ ತಿರುವಿದಳು. ಇದೇನೆಂದು ಚಿಕ್ಕಸ್ವಾಮಿ ಕೇಳಿದ. ಏನೋ ಹಳೆಯ ಕಾಲದ್ದಿರಬೇಕೆಂದು ಅವನ ಅಂದಾಜು.

"ಕಾರ ಅರೀತಿದ್ದೊ ಸ್ವಾಮಿ. ಅಸಿಮೆಣಸಿನಕಾಯಿ, ಉಪ್ಪು. ಮುದ್ದೆ ಮನೆಯಿಂದ ತರ್ತಿದ್ದೊ. ಇದು ನಂದು, ಅದು ನಮ್ಮ ನಾದಿನಿದು."

ಆಮೇಲೆ ಯಾರೂ ಕೇಳದೆಯೇ ಅವಳು ಹೇಳತೊಡಗಿದಳು. ಊಟದ ಹೊತ್ತು ಮುಗಿದ ಮೇಲೆ ಚಿಕ್ಕಸ್ವಾಮಿಯ ಅಪ್ಪ ಹೊಲದ ಅಂಚಿಗೆ ಬಂದು, ಕೆಲಸಕ್ಕೆ ಬರ್ರೇ ಎಂದು ಕೂಗುತ್ತಿದ್ದರಂತೆ. ಇಳಿದು ಬಂದು ನೋಡುವ ಹಾಗಿಲ್ಲ, ಹೆಂಗಸರಿರುವ ಜಾಗ. ಇವರು ನೀರಿನ ಸದ್ದಿಗೆ ಕೇಳಲಿಲ್ಲವೆಂದು ಕೂತೇ ಇರುತ್ತಿದ್ದರಂತೆ.

"ದಿಟವಾಗ್ಲೂ ಕೇಳುಸ್ತಿರ್ನಿಲ್ವಾ?" ಎಂದ ಚಿಕ್ಕಸ್ವಾಮಿ.

"ಕೇಳುಸ್ತಿತ್ತು."

ಚಿಕ್ಕಸ್ವಾಮಿ, ಕಳೆ ಕೀಳುವ ಕಾಲದಲ್ಲೆಲ್ಲ ಅಪ್ಪನಿಗೆ ಗಂಟಲು ಕಟ್ಟುತ್ತಿತ್ತು, ಅವ್ವ ಬಿಸಿನೀರು ಮೆಣಸು ಕೊಡುತ್ತಿದ್ದಳು ಎಂದ. ಪುಟ್ಟಮಾದಮ್ಮನ ಬಾಯಿಂದ ಒಂದು ಸದ್ದು ಬಂತು. ಅವಳು ನಗುತ್ತಿದ್ದಾಳೆಂದು ತಿಳಿಯಲು ಮಾರಯ್ಯನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಬೇರೆ ಕಡೆ ತಿರುಗಿ ಟೇಪು ತೆಗೆದ. ಆರು ಅಡಿ ಎರಡು ಇಂಚು. ಒಂದೇ ಸಲ ಅಳೆದ.

ಹತ್ತಿಸುವುದು ಇಳಿಸಿದಷ್ಟು ಸುಲಭವಾಗಲಿಲ್ಲ. ಚಿಕ್ಕಸ್ವಾಮಿ ಸೊಂಟ ಹಿಡಿದು ಎಂಟು ದಿನ ಮಲಗಿದ. ಮಗಳು ಕೇಳಿದ್ದಕ್ಕೆ ಹಸು ತಳ್ಳಿತೆಂದ. ಕೆಳಗಿನ ಜಲಪಾತದ ವಿಷಯ ಅವಳಿಗೂ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ. ಮೇಲಿನದರ ವಿಡಿಯೋ ಈಗಲೂ ಅದೇ ಹೆಸರಿನಲ್ಲಿದೆ.

ಸೊಂಟ ಸರಿಹೋದ ಮೇಲೆ ಅವನು ಒಂದು ಭಾನುವಾರ ಬೆಳಿಗ್ಗೆ ಮಾರಯ್ಯನ ಮನೆ ಮುಂದೆ ಬಂದು ನಿಂತ. ತಿ. ನರಸೀಪುರದ ಹತ್ತಿರ ತನ್ನ ಭಾವಮೈದುನನ ತೋಟದ ಹಿಂದೆ ನೀರಿನ ಸದ್ದು ಕೇಳುತ್ತದೆಯಂತೆ, ಹೋಗಿ ನೋಡಬಹುದೇನೋ ಎಂದ. ಇಬ್ಬರೂ ಮೊಪೆಡ್ಡಿನಲ್ಲಿ ಹೋದರು. ತೋಟ ದಾಟಿ, ಪೊದೆ ಸರಿಸಿ ನೋಡಿದರೆ ಕುಡಿಯುವ ನೀರಿನ ಪೈಪು ಒಡೆದಿತ್ತು. ನೀರು ಆಳೆತ್ತರ ಚಿಮ್ಮಿ ಬೀಳುತ್ತಿತ್ತು. ಇದನ್ನು ಲೆಕ್ಕಕ್ಕೆ ಹಿಡಿಯುತ್ತೀಯಾ ಎಂದು ಚಿಕ್ಕಸ್ವಾಮಿ ಕೇಳಿದ. ಮೊದಲು ಮೇಲಕ್ಕೆ ಹೋಗಿ ಆಮೇಲೆ ಬೀಳುವುದನ್ನು ಹಿಡಿಯುವುದಿಲ್ಲ ಎಂದ ಮಾರಯ್ಯ. ಇಬ್ಬರೂ ಅಲ್ಲೇ ಕೈಕಾಲು ಮುಖ ತೊಳೆದುಕೊಂಡು, ಪೈಪಿನವರಿಗೆ ಫೋನ್ ಮಾಡಿ, ಅವರು ಬರುವವರೆಗೆ ನೋಡುತ್ತ ಕೂತರು.