ಚಿಕ್ಕತಾಯಕ್ಕನ ಕೊರಿಯನ್

ಚಿಕ್ಕತಾಯಕ್ಕ ಕೊರಿಯನ್ ಮಾತಾಡಿದರೆ ಯಾರನ್ನೋ ಹಿಡಿದು ಬಡಿಯುತ್ತಿರುವ ಹಾಗೆ ಕೇಳಿಸುತ್ತಿತ್ತು. ಮೊದಲ ಸಲ ಆ ಸದ್ದು ಗೋಡೆಯಾಚೆಯಿಂದ ಬಂದಾಗ ನಾನು ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಓಡಿದ್ದೆ. ಹೋಗಿ ನೋಡಿದರೆ ಅವಳು ನಡುಮನೆಯ ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಎದುರಿಗಿದ್ದ ಲ್ಯಾಪ್‌ಟಾಪಿಗೆ ಬೆರಳು ತೋರಿಸಿ, "ಮುಲ್! ಮುಲ್! ಮುಲ್ ಕಣ್ಲಾ!" ಎಂದು ಅರಚುತ್ತಿದ್ದಳು. ಪರದೆಯ ಮೇಲೆ ಒಂದು ಲೋಟ ನೀರಿನ ಚಿತ್ರವಿತ್ತು.

"ನೀರಿಗೆ ಮುಲ್ ಅಂತಾರಂತೆ. ನಾ ಅಂದ್ರೆ ಒಪ್ಪಾಕಿಲ್ಲ ಈ ಬಡ್ಡೆತ್ತದು," ಎಂದು ಲ್ಯಾಪ್‌ಟಾಪಿನ ನೆತ್ತಿಗೆ ಒಂದು ಕೊಟ್ಟಳು.

ದುದ್ದ ಊರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ನಾನು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಹೋದರೆ ಸಂಜೆಗೇ ಮನೆ. ಅವಳು ಮದ್ದೂರಿನ ಹತ್ತಿರ ಒಂದು ಗೆಸ್ಟ್ ಹೌಸಿನಲ್ಲಿ ಅಡುಗೆಯವಳಾಗಿದ್ದಳು. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಕೊರಿಯಾದವರು ಅಲ್ಲಿ ಇಳಿದುಕೊಂಡಿದ್ದರು. ಗೆಸ್ಟ್ ಹೌಸ್ ನಡೆಸುತ್ತಿದ್ದ ಯುನ್ ಮೇಡಂಗೆ ಚಿಕ್ಕತಾಯಕ್ಕನ ಕೈರುಚಿ ಹಿಡಿಸಿಬಿಟ್ಟಿತು. ಅವಳ ಖಾರದ ಉಪ್ಪೆಸರನ್ನು ಆ ಜನ ಬೆವರು ಸುರಿಸಿಕೊಂಡು ಕುಡಿಯುತ್ತಿದ್ದರಂತೆ. ಯಂತ್ರದ ಕೆಲಸ ಮುಗಿದು ಚೆನ್ನೈಗೆ ಹೊರಟಾಗ ಯುನ್ ಮೇಡಂ, "ಅಲ್ಲಿ ದೊಡ್ಡ ಗೆಸ್ಟ್ ಹೌಸ್ ತೆಗೀತೀನಿ. ಅಡುಗೆಮನೆ ನಿನ್ನದೇ. ಆದರೆ ನಮ್ಮ ಮಾತು ಕಲಿತು ಬಾ," ಎಂದು ಡ್ರೈವರ್ ಕೈಲಿ ಹೇಳಿಸಿ, ತಮ್ಮ ಹಳೆಯ ಲ್ಯಾಪ್‌ಟಾಪನ್ನು ಬಿಟ್ಟುಹೋಗಿದ್ದರು.

ಅದರಲ್ಲಿದ್ದ ಪಾಠಕ್ಕೆ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಚಿತ್ರ ತೋರಿಸುತ್ತದೆ, ಕೊರಿಯನ್ನಿನಲ್ಲಿ ಹೇಳುತ್ತದೆ, ನಾವು ಹೇಳಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಕೂಸಿಗೆ ಮಾತು ಕಲಿಸುವ ಕ್ರಮ. "ನಂಗೂ ಇಂಗ್ಲಿಸು ಬರಾಕಿಲ್ಲ, ಅದ್ಕೂ ಬರಾಕಿಲ್ಲ. ಅದ್ಕೇ ನಮ್ಮಿಬ್ರುಗೂ ಸರೋಯ್ತು," ಎನ್ನುತ್ತಿದ್ದಳು.

ಅವಳ ಕೈ ಬಾಯಿಗಿಂತ ಮುಂದು. ಮದುವೆಯಾಗಿ ಮಳವಳ್ಳಿ ಕಡೆ ಹೋದವಳು, ಗಂಡ ಮೊದಲ ಸಲ ಕೈ ಎತ್ತಿದ ದಿನವೇ ಅವನ ಮುಂಗೈಯಲ್ಲಿ ತನ್ನ ಹಲ್ಲಿನ ಗುರುತು ಬಿಟ್ಟು ವಾಪಸ್ ಬಂದಿದ್ದಳು. ಒಮ್ಮೆ ನಾವಿಬ್ಬರೂ ಮದ್ದೂರಿನಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಗಂಡಸು ಕಾಲೇಜು ಹುಡುಗಿಯ ಬೆನ್ನಿಗೆ ಒತ್ತಿಕೊಂಡು ನಿಂತಿದ್ದ. ಚಿಕ್ಕತಾಯಕ್ಕ ಎದ್ದು ಸ್ಟೀಲ್ ಕ್ಯಾರಿಯರ್‌ನಿಂದ ಅವನ ಮೂತಿಗೆ ಬೀಸಿದಳು. ಅವನು ಬಾಯಿ ಮುಚ್ಚಿಕೊಂಡ ಬೆರಳ ಸಂದಿಯಿಂದ ರಕ್ತ ಇಳಿಯಿತು. ಕಂಡಕ್ಟರ್ "ಏನಮ್ಮ ಇದು?" ಎಂದು ಗದರಿದ. "ಒಸಿ ತಡಿ, ಇನ್ನೊಂದೈತೆ," ಎಂದು ಇನ್ನೊಂದು ಕೊಟ್ಟು ಬಂದು ಕೂತಳು. ದಾರಿಯುದ್ದಕ್ಕೂ ಸೆರಗಿನಿಂದ ಕ್ಯಾರಿಯರ್ ಒರೆಸುತ್ತಿದ್ದಳು.

ಆ ಕೈಯೇ ತಮ್ಮ ನಂಜನನ್ನು ಸಾಕಿದ್ದು. ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅನ್ನ ಕೊಟ್ಟಷ್ಟೇ ಧಾರಾಳವಾಗಿ ಏಟನ್ನೂ ಕೊಟ್ಟು ಬೆಳೆಸಿದಳು. ಈಗ ಅವನು ಮರಳಿನ ವ್ಯವಹಾರದವನು, ಸೀಟಿನ ಅಡಿಯಲ್ಲಿ ಮಚ್ಚಿಟ್ಟುಕೊಂಡು ಓಡಾಡುವವನು. ಜೀಪು ಬೀದಿಗೆ ಬಂದರೆ ಜನ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದರು. ಅಕ್ಕ ಮಾತ್ರ ಏಳುತ್ತಿರಲಿಲ್ಲ.

ನನಗೆ ರಜೆಯಿದ್ದ ಒಂದು ಮಧ್ಯಾಹ್ನ ಅವನು ಇಬ್ಬರು ಗೆಳೆಯರೊಂದಿಗೆ ಊಟಕ್ಕೆ ಬಂದ. ಒಳಗೆ ಗಂಡಸಿನ ದನಿ. ಅರ್ಥವಾಗದ ಭಾಷೆಯಲ್ಲಿ ಯಾವನೋ ಮೆತ್ತಗೆ ಏನೋ ಹೇಳುತ್ತಿದ್ದಾನೆ. ಅಕ್ಕ ಅದನ್ನೇ ತಿರುಗಿ ಹೇಳುತ್ತಿದ್ದಾಳೆ. ನಂಜ ಬಾಗಿಲು ಒದ್ದ. ಚಿಲಕ ಕಿತ್ತು ಬಂತು.

"ಎಲ್ಲಕ್ಕ ಅವ್ನು?"

"ಯಾವನ್ಲಾ?"

ಅವನು ಮಂಚದಡಿ ನೋಡಿದ, ಅಟ್ಟ ಹತ್ತಿದ, ರಾಗಿ ಮೂಟೆಗಳನ್ನು ಎಳೆದು ಹಾಕಿದ. ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ ಅದೇ ದನಿ ಮತ್ತೆ ಹೇಳಿತು. ಚಿಕ್ಕತಾಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೆಳೆಯರೂ ನಕ್ಕರು. ಅದೇ ಅವನಿಗೆ ತಡೆಯಲಾಗಲಿಲ್ಲ. ಅಕ್ಕನ ಜುಟ್ಟು ಹಿಡಿದು ಗೋಡೆಗೆ ತಲೆ ಬಡಿದ. ನಮ್ಮ ಕಡೆಯ ಗೋಡೆಯಲ್ಲಿ ತಟ್ಟೆಗಳು ಅಲುಗಾಡಿದವು. ನಾನು ಹೋಗುವ ಹೊತ್ತಿಗೆ ಅವಳು ಮುದ್ದೆ ತಿರುವುವ ಹಿಟ್ಟಿನ ದೊಣ್ಣೆ ಹಿಡಿದು ಅವನನ್ನು ಅಂಗಳಕ್ಕೆ ಅಟ್ಟಿದ್ದಳು. ಅವಳ ಹಣೆಯಿಂದ ರಕ್ತ ಹುಬ್ಬಿಗೆ ಇಳಿದಿತ್ತು. ಅವನ ಬೆನ್ನ ಮೇಲೆ ಮುದ್ದೆಯ ಅಂಟು.

"ಆ ಪೆಟ್ಗೆ ಮನೇಲಿ ಇರಕೂಡದು," ಎಂದು ಅವನು ಜೀಪಿನಿಂದ ಕೂಗಿದ.

"ನಿನ್ ಮಚ್ಚು ಇರ್ಬೋದು, ನನ್ ಪೆಟ್ಗೆ ಇರಬಾರ್ದಾ? ಓಗಲೋ!"

ಮಾತು ಊರಿಗೆ ಬಿತ್ತು. ಹೋಟೆಲಿನಲ್ಲಿ ಟೀ ಕುಡಿಯುವವರು, "ಏನ್ಲಾ ನಂಜ, ಬಾವ ಯಾವ ದೇಸ್ದೋನು?" ಎಂದು ಕೇಳತೊಡಗಿದರು. ಕೇಳಿದವನೊಬ್ಬನ ಮೂಗು ಒಡೆಯಿತು. ಆಮೇಲೆ ಜನ ಬಾಯಿಬಿಟ್ಟು ಕೇಳಲಿಲ್ಲ. ಅವನು ಬಂದಾಗ ಸುಮ್ಮನಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಅದು ಇನ್ನೂ ಕೆಟ್ಟದಾಯಿತು.

ನಾನು ಅವಳಿಗೆ, "ಕೆಲವು ದಿನ ನಿಲ್ಲಿಸು," ಎಂದೆ.

"ನಿಲ್ಸಿದ್ರೆ ಯಾವನೋ ಇದ್ದ ಅಂತ ನಾನೇ ಒಪ್ಕಂಡಂಗೆ ಕಣಮ್ಮ," ಎಂದಳು.

ಭಾನುವಾರ ಹಗಲು. ಅವಳು ಜಗಲಿಯ ಮೇಲೆ, ಬೀದಿಗೆ ಕಾಣುವ ಹಾಗೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಒಪ್ಪಿಸುತ್ತಿದ್ದಳು. ಜೀಪು ನಿಂತಿತು. ನಂಜ ಮಚ್ಚು ಹಿಡಿದೇ ಇಳಿದ. ನಾನು ನಮ್ಮ ಬಾಗಿಲಲ್ಲಿ ನಿಂತು "ನಂಜಾ!" ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ. ಮೊದಲ ಏಟು ಪರದೆಗೆ ಬಿತ್ತು. ಗಾಜಿನ ಚೂರು ಅವಳ ಕೈಗೆ ಹೊಕ್ಕಿತು. ಅವಳು ಎದ್ದಳು. ಎರಡನೆಯದು ಮಚ್ಚಿನ ಹಿಂಬದಿ, ಅವಳ ದವಡೆಗೆ. ಹಸಿ ಕಬ್ಬು ಮುರಿದಂಥ ಸದ್ದಾಯಿತು. ಬಾಯಿ ಒಂದು ಕಡೆಗೆ ಜಾರಿತು. ಆದರೂ ಅವಳು ಬೀಳಲಿಲ್ಲ. ಒಳಗೆ ಹೋಗಿ ದೊಣ್ಣೆ ತಂದಳು. ಅವನು ತಾನು ಮಾಡಿದ್ದನ್ನು ನೋಡುತ್ತ ನಿಂತೇ ಇದ್ದ. ಮಚ್ಚು ಹಿಡಿದ ಕೈಯ ಮೊಣಕೈಗೆ ಎರಡೂ ಕೈಯಿಂದ ಇಳಿಸಿದಳು. ಮತ್ತೆ ಇಳಿಸಿದಳು. ಮಚ್ಚು ಚರಂಡಿಗೆ ಬಿತ್ತು. ಅವನ ಮುಂಗೈ ತಿರುಗಬಾರದ ಕಡೆಗೆ ತಿರುಗಿ ನೇತಾಡಿತು.

ಜೀಪಿನಲ್ಲಿದ್ದವರು ಜೀಪು ತೆಗೆದುಕೊಂಡು ಓಡಿಹೋದರು. ಬೀದಿಯಲ್ಲಿದ್ದದ್ದು ಒಂದೇ ಲಗೇಜ್ ಆಟೋ. ಇಬ್ಬರನ್ನೂ ಅದರಲ್ಲೇ ಹಾಕಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟೆವು. ಅವಳು ಒಂದು ಮೂಲೆ, ಅವನು ಒಂದು ಮೂಲೆ, ನಡುವೆ ನಾನು. ನಂಜ ಮಗುವಿನಂತೆ ಅಳುತ್ತ, "ಅಕ್ಕಾ, ನೋಯ್ತದೆ ಅಕ್ಕಾ," ಎಂದು ತೆವಳಿ ಬಂದು ಅವಳ ಮಡಿಲಿಗೆ ತಲೆ ಇಡಲು ನೋಡಿದ. ಅವಳು ಕಾಲು ಮಡಚಿ ಮಡಿಲನ್ನು ಆಚೆ ತಿರುಗಿಸಿಕೊಂಡಳು. ಬಾಯಿಂದ ಸುರಿಯುತ್ತಿದ್ದ ರಕ್ತವನ್ನು ನನ್ನ ದುಪಟ್ಟಾದಲ್ಲಿ ಹಿಡಿದುಕೊಂಡೇ ಕೂತಿದ್ದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ದವಡೆಗೆ ತಂತಿ ಬಿಗಿದರು. ಪೊಲೀಸರು ನಂಜನ ಮೇಲೆ ಕೇಸು ಹಾಕಿದರು. ಅವಳು ನಮ್ಮ ಮನೆಗೆ ಬಂದಳು. ಮಾತಿಲ್ಲ, ಸ್ಟ್ರಾದಲ್ಲಿ ಗಂಜಿ. ಊರಿನ ಹಿರಿಯರು ಸೇಬಿನ ಬುಟ್ಟಿ ಹಿಡಿದು ರಾಜಿಗೆ ಬಂದರು. "ಒಡುಟ್ಟಿದೋನು ಕಣವ್ವ. ನೀನೇ ಸಾಕಿದ್ ಕೂಸು. ಕೇಸು ಬುಟ್ಬುಡು. ನೀನೂ ಅವ್ನ ಕೈ ಮುರ್ದಿದ್ದೀಯಲ್ಲ, ಅಲ್ಲಿಗಲ್ಲಿಗೆ ಸರೋಯ್ತು." ಅವಳು ಪೂರ್ತಿ ಕೇಳಿಸಿಕೊಂಡಳು. ಎದ್ದು ಬುಟ್ಟಿಗೆ ಒದ್ದಳು. ಸೇಬುಗಳು ಬೀದಿಯುದ್ದ ಉರುಳಿದವು. ಒಂದು ಸೇಬು ಹಿರಿಯರೊಬ್ಬರ ಹಣೆಗೇ ಬಿತ್ತು. ಅವರು ಟವೆಲ್ ಕೊಡವಿಕೊಂಡು ಎದ್ದರು.

ಲ್ಯಾಪ್‌ಟಾಪ್ ಒಡೆಯಿತೆಂದಷ್ಟೇ ಡ್ರೈವರ್ ಮೂಲಕ ತಿಳಿಸಿ, ಯುನ್ ಮೇಡಂ ಕಳಿಸಿದ ಪಾಸ್‌ವರ್ಡ್‌ನಿಂದ ಪಾಠವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟೆ. ತಂತಿ ಬಿಚ್ಚುವವರೆಗೆ ಅವಳು ಸುಮ್ಮನೆ ಕೇಳಿದಳು. ಬಿಚ್ಚಿದ ಮೇಲೆ ಬಾಯಿ ತೆರೆದು ಮೊದಲು ಹೇಳಿದ್ದೇ "ಮುಲ್". ಕೆಂಪು. ಮತ್ತೆ ಕೆಂಪು. ದವಡೆ ಓರೆಯಾಗಿ ಕೂಡಿತ್ತು. ನಾಲಿಗೆ ಹಿಂದಿನ ಜಾಗಕ್ಕೆ ತಾಗುತ್ತಿರಲಿಲ್ಲ. ಮೊದಲೇ ಗೆದ್ದಿದ್ದ ಮಾತುಗಳನ್ನೆಲ್ಲ ಯಂತ್ರ ಈಗ ಒಂದೊಂದಾಗಿ ತಳ್ಳಿಹಾಕಿತು. ಅವಳು ಮೇಜು ಗುದ್ದಿದಳು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ನೋಡಲಾರದೆ ನಾನು, "ಉಚ್ಚಾರಣೆ ಒಸಿ ಆಚೀಚೆ ಆದರೂ ಒಪ್ಪೋ ಹಾಗೆ ಸಡಿಲ ಮಾಡಬಹುದು ಇದನ್ನ," ಎಂದೆ.

ಅವಳು ನನ್ನ ಕೈ ಹಿಡಿದು ತಿರುಚಿದಳು. "ಮುಟ್ಬ್ಯಾಡ. ಅವ ಮುರ್ದಿರೋ ಮೂತಿ ಇದು. ಇದ್ರಲ್ಲೇ ಯೇಳಿ ಒಪ್ಪುಸ್ತೀನಿ."

ಒಪ್ಪಿಸಿದಳು. ಅಷ್ಟು ಹೊತ್ತಿಗೆ ನಮ್ಮ ಓಣಿಯ ಹಾಲಿನವನಿಗೂ ಕೊರಿಯನ್ ಅರ್ಧ ಬಂದಿತ್ತು.

ಕೊನೆಗೆ ಯುನ್ ಮೇಡಂ ವಿಡಿಯೋದಲ್ಲಿ ಬಂದರು. ಮಾತು ತಿರುಗಿಸಿ ಹೇಳಲು ಡ್ರೈವರ್ ಇಲ್ಲ, ಯಾರೂ ಇಲ್ಲ, ಮಾತಾಡುವವರು ಅವರಿಬ್ಬರೇ. ಓರೆ ಮುಖ ನೋಡಿ ಆಕೆ ಏನಾಯಿತೆಂದು ಕೇಳಿದರು. ಹೊಡೆದ, ಮುರಿದ ಎಂಬ ಮಾತುಗಳು ಆ ಚಿತ್ರಪಾಠದಲ್ಲಿ ಇನ್ನೂ ಬಂದಿರಲಿಲ್ಲ. ಚಿಕ್ಕತಾಯಕ್ಕ ತನ್ನ ಹತ್ತಿರ ಇದ್ದ ಮಾತುಗಳನ್ನೇ ಜೋಡಿಸಿದಳು. "ನಮ್ಜಾ ಖಾಲ್ ಇಸ್ಸೊಯೊ. ಯೊಜಾ ಕಾಯೊ." ಗಂಡಸಿನ ಹತ್ತಿರ ಕತ್ತಿ ಇದೆ. ಹೆಂಗಸು ಹೋಗುತ್ತಾಳೆ. ಯುನ್ ಮೇಡಂ ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ದವಡೆ ತೋರಿಸಿ, "ಅಪಾಯೊ?" ಎಂದರು, ನೋಯುತ್ತದಾ ಎಂದು. "ಅನಿಯೊ," ಎಂದಳು ಇವಳು. ಇಲ್ಲ. ಅದೇ ವಾರ ಚೆನ್ನೈಗೆ ಟಿಕೆಟ್ ಬಂತು.

ಮಂಡ್ಯ ಸ್ಟೇಷನ್ನಿಗೆ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಬೆಳಗಿನ ಬಿಸಿಲು. ಅವಳು ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ರೈಲು ಬಂದು ನಿಂತಾಗ ಜನರ ನಡುವಿನಿಂದ ನಂಜ ಬಂದ. ಜಾಮೀನಿನ ಮೇಲೆ ಹೊರಗಿದ್ದ; ಗಡ್ಡ ಬೆಳೆದಿತ್ತು, ಕೈ ಕೊರಳಿಗೆ ಕಟ್ಟಿತ್ತು. ನಾನು ಪೊಲೀಸರನ್ನು ಕೂಗಲು ಹೋದೆ. ಚಿಕ್ಕತಾಯಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಅಕ್ಕ, ಓಗ್ಬ್ಯಾಡ. ಮನೇಲಿ ಇಟ್ ತಿರುವೋರು ಯಾರೂ ಇಲ್ಲ."

ಅವಳು ಅವನ ಹತ್ತಿರ ಹೋದಳು. ಹೊಡೆಯುತ್ತಾಳೆ ಎಂದುಕೊಂಡೆ, ಅವನೂ ಹಾಗೇ ಅಂದುಕೊಂಡು ಕಣ್ಣು ಮುಚ್ಚಿದ. ಅವಳು ಅವನ ಮೊಣಕೈಯನ್ನು ಬೆರಳಿನಿಂದ ಒತ್ತಿ ನೋಡಿದಳು.

"ಮೂಳೆ ಕೂಡ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಕೇಸು ವಾಪಸ್ ತಕ್ಕಳಾಕಿಲ್ಲ ನಾನು. ಕೋರ್ಟು ಕರುದ್ ದಿನ ಬತ್ತೀನಿ. ಎಲ್ಲಾನೂ ಯೇಳ್ತೀನಿ. ನೀನೂ ಬಾ, ಓಡೋಗ್ಬ್ಯಾಡ."

ಚೀಲವನ್ನು ಒಳಗೆಸೆದು ರೈಲು ಹತ್ತಿದಳು. ಕಿಟಕಿಗೆ ಬಂದು ನನಗೆ ಕೈ ಬೀಸಿದಳು. ಅವನ ಕಡೆ ನೋಡಲಿಲ್ಲ. ಕೊನೆಯ ಡಬ್ಬಿ ದಾಟಿದ ಮೇಲೂ ನಂಜ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಪ್ಲಾಟ್‌ಫಾರಂ ಮೇಲೇ ನಿಂತಿದ್ದ.

"ಬತ್ತಾಳಾ ಅವ್ಳು?" ಎಂದು ಕೇಳಿದ.

ನಾನು ಸ್ಕೂಟರಿನ ಕಡೆ ಹೊರಟೆ. ಕೋರ್ಟಿನ ದಿನ ಬಂದೇ ಬರುತ್ತಾಳೆಂದು ಅವನಿಗೂ ಗೊತ್ತಿತ್ತು.